ಬಾಗಿ ಕದ್ದ ಗಿಡಗಳು

ಕಡಲಂಚಿನ ಕೋಡಿ ಎಂಬ ಊರಿನ ಬಾಗಿಯ ಅಂಗಳದಲ್ಲಿ ದುಡ್ಡು ಕೊಟ್ಟು ತಂದ ಗಿಡ ಒಂದೇ ಒಂದೂ ಇರಲಿಲ್ಲ. ಎಲ್ಲವೂ ಕದ್ದವು. ಇದನ್ನು ಅವಳು ಮುಚ್ಚಿಟ್ಟವಳೂ ಅಲ್ಲ, ಇದಕ್ಕಾಗಿ ನಾಚಿಕೊಂಡವಳೂ ಅಲ್ಲ. ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದೇ ಬೇರು ಬಿಡುವುದು ಎಂಬುದು ಕುಂದಾಪುರದ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಸಂಗತಿ. ಕೊಟ್ಟವರಿಗೆ 'ಉಪಕಾರ ಆಯ್ತು' ಅಂದುಬಿಟ್ಟರಂತೂ ಮುಗಿದೇ ಹೋಯಿತು, ಎಂಥ ಗಿಡವಾದರೂ ವಾರದೊಳಗೆ ಒಣಗಿ ಸೌದೆಯಾಗುತ್ತದೆ.

ಹಾಗಂತ ಸುಮ್ಮನೆ ಕೈ ಹಾಕಿದರೆ ಆಯ್ತಾ ಮಾರಾಯ್ರೆ? ಕದಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ಗಿಡವನ್ನು ಹೊಗಳಬೇಕು. 'ಅಬ್ಬಾ, ಎಂತ ಚೆಂದ ಹೂಗ್ ಬಿಟ್ಟಿತ್ತ್!' ಅನ್ನಬೇಕು. ಮನೆಯಾಕೆಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಅವಳು, 'ಒಲೆ ಮೇಲೆ ಹಾಲಿತ್ತ್, ಉಕ್ತಾ ಕಾಂತೆ' ಎಂದು ಹಾಲು ನೋಡುವ ನೆಪದಲ್ಲಿ ಒಳಗೆ ಹೋಗುತ್ತಾಳೆ. ಮನೆಯಲ್ಲಿ ಹಾಲಿನ ಹನಿಯೂ ಇಲ್ಲದಿರಲಿ, ಒಲೆಯೇ ಹೊತ್ತಿಸದಿರಲಿ, ಆ ಹೊತ್ತಿಗೆ ಹಾಲು ಉಕ್ಕಲೇಬೇಕು. ಅವಳು ತಿರುಗಿ ಬರುವಷ್ಟರಲ್ಲಿ ಗೇಣುದ್ದದ ಕಡ್ಡಿಯೊಂದು ಬಂದವಳ ಸೆರಗಿನೊಳಗೆ ಸೇರಿರುತ್ತದೆ. ಆಮೇಲೆ ಇಬ್ಬರೂ ಮಳೆಯ ಬಗ್ಗೆಯೋ ಮಂಡಿನೋವಿನ ಬಗ್ಗೆಯೋ ಮಾತಾಡುತ್ತಾರೆ. ಗೇಣಿಗಿಂತ ಉದ್ದ ಮುರಿಯಬಾರದು, ನಡುವಿನ ಕೊಂಬೆ ಮುಟ್ಟಬಾರದು. ಕಾನೂನು ಅಷ್ಟೇ.

ಬಾಗಿ ಮೀನು ಮಾರುವವಳು. ಬೆಳಿಗ್ಗೆ ದೋಣಿ ಬಂದಲ್ಲಿ ಬಂಗುಡೆಯೋ ಬೂತಾಯಿಯೋ ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿ, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಬಸ್ರೂರಿನಲ್ಲಿಳಿದು ಮನೆಮನೆ ತಿರುಗುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವಳನ್ನೂ ಮಗಳು ಅಕ್ಷಿತಾಳನ್ನೂ ಸಾಕಿದ್ದು ಆ ಬುಟ್ಟಿಯೇ. ಗಂಡ ಸತ್ತವಳಿಗೆ ತಲೆಗೆ ಹೂವೇಕೆ ಎಂದು ಯಾರೋ ಕೇಳಿದಾಗ, 'ಹೂಗ್ ಕೊಟ್ಟದ್ ಗಿಡ, ಗಂಡ ಅಲ್ಲ' ಎಂದವಳು ಅವಳು. ಕೇಳಿದವರು ಮತ್ತೆ ಬಾಯಿ ಬಿಟ್ಟಿಲ್ಲ.

ಕೋಡಿಯ ಅವಳ ಅಂಗಳವೆಂದರೆ ಬರೀ ಹೊಯ್ಗೆ, ಕಡಲ ಮರಳು, ಮೇಲಿಂದ ಉಪ್ಪುಗಾಳಿ. ಅಲ್ಲಿ ಏನು ಬೆಳೆಯುತ್ತದೆ ಹೇಳಿ! ಬಾಗಿ ಬಸ್ರೂರಿನಿಂದ ಬರುವಾಗ ಖಾಲಿ ಬುಟ್ಟಿಯಲ್ಲಿ ಗದ್ದೆಯಂಚಿನ ಮಣ್ಣು ತುಂಬಿಕೊಂಡು ಬರುತ್ತಿದ್ದಳು. ಮೀನಿನ ಹಳೆಯ ಥರ್ಮಕೋಲ್ ಪೆಟ್ಟಿಗೆಗಳ ತಳಕ್ಕೆ ತೂತು ಹೊಡೆದು, ಆ ಮಣ್ಣು ತುಂಬಿಸಿ ಗಿಡ ಊರುತ್ತಿದ್ದಳು. ದಿನವೂ ಮೀನು ತೊಳೆದ ನೀರು ಅದಕ್ಕೇ. ಗಿಡಗಳು ತವರಿಗೆ ಬಂದ ಬಾಣಂತಿಯರ ಹಾಗೆ ಮೈ ತುಂಬಿಕೊಂಡು ನಿಂತಿದ್ದವು.

ಎಲ್ಲ ಸರಿಯಿತ್ತು, ದೀಪಾವಳಿ ಕಳೆದ ಒಂದು ಸೋಮವಾರದ ತನಕ.

ಬಸ್ರೂರಿನಲ್ಲಿ ತೆಂಗಿನಕಾಯಿ ವ್ಯಾಪಾರದ ಭೋಜರಾಜ ಶೆಟ್ಟರ ಮನೆ ಬಾಗಿ ಮೀನು ಮಾರುವ ಕೇರಿಯ ಮೊದಲ ಮನೆ. ಶೆಟ್ಟರ ಹೆಂಡತಿ ಸರೋಜಮ್ಮ ಬಾಗಿಯ ಹಳೆಯ ಗಿರಾಕಿ. ಬಾಗಿಯ ಸಲುವಾಗಿ ಅವರಷ್ಟು ಸಲ ಇಲ್ಲದ ಹಾಲು ಉಕ್ಕಿಸಿದವರು ಬಸ್ರೂರಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆ ಮನೆಯ ಗೇಟಿನ ಬಳಿಯ ಪನ್ನೀರು ಗುಲಾಬಿಯ ಮೇಲೆ ಬಾಗಿಗೆ ಎಷ್ಟೋ ಕಾಲದಿಂದ ಕಣ್ಣು. ಹಿಂದೆ ಎರಡು ಸಲ ಕದ್ದು ತಂದು ಊರಿದ್ದರೂ ಉಪ್ಪುಗಾಳಿಗೆ ಕಪ್ಪಾಗಿ ಹೋಗಿತ್ತು.

ಆ ಸೋಮವಾರ ಸರೋಜಮ್ಮ ಮನೆಯಲ್ಲಿರಲಿಲ್ಲ. ಮಗಳಿಗೆ ಹುಷಾರಿಲ್ಲವೆಂದು ಕೆರಾಡಿಗೆ ಹೋಗಿದ್ದರು. ಇದ್ದದ್ದು ಸೊಸೆ ಶರ್ಮಿಳಾ. ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಕಾಯಿರಾಶಿಗೆ ಯಾರೋ ಕೈ ಹಾಕುತ್ತಿದ್ದಾರೆಂದು ಗೇಟಿನ ಮೇಲೆ ಕ್ಯಾಮೆರಾ ಹಾಕಿಸಿದ್ದು ಅವಳೇ. ಬಾಗಿ ಮೀನು ಕೊಟ್ಟು, ಗುಲಾಬಿಯ ಕಡೆ ತಿರುಗಿ, 'ಎಂತ ಚೆಂದ ಹೂಗ್ ಬಿಟ್ಟಿತ್ತಮ್ಮ!' ಎಂದಳು. ಶರ್ಮಿಳಾ ನಕ್ಕು, 'ಹೌದಲ್ವಾ?' ಎಂದಳು. ಅಷ್ಟರಲ್ಲಿ ಒಳಗೆ ಅವಳ ಫೋನ್ ಹೊಡೆದುಕೊಂಡಿತು. 'ಒಂದು ನಿಮಿಷ' ಎಂದು ಒಳಗೆ ಓಡಿದಳು.

ಬಾಗಿಗೆ ಸಂಶಯವೇ ಬರಲಿಲ್ಲ. ಈಗಿನ ಕಾಲದ ಹುಡುಗಿ, ಹಾಲಿನ ಬದಲು ಫೋನು ಅಂದುಕೊಂಡಳು. ಪರವಾಗಿಲ್ಲ, ಸರೋಜಮ್ಮ ಸೊಸೆಗೆ ಕ್ರಮ ಕಲಿಸಿದ್ದಾರೆ ಎಂದು ಮನಸ್ಸಿನಲ್ಲೇ ಹೊಗಳಿ, ಗೇಣುದ್ದದ ಕಡ್ಡಿ ಮುರಿದು ಸೆರಗಿಗೆ ಸೇರಿಸಿದಳು. ಮೇಲಿನ ಕ್ಯಾಮೆರಾ ಅದನ್ನೆಲ್ಲ ನೋಡುತ್ತಿತ್ತು.

ಸಂಜೆ ಅಕ್ಷಿತಾ ಕೆಲಸದಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಅಮ್ಮನ ಮುಂದೆ ಫೋನು ಹಿಡಿದಳು. ಅವಳಿಗೆ ಕುಂದಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಜತೆಯಲ್ಲಿ ಕೆಲಸ ಮಾಡುವ ಬಸ್ರೂರಿನ ದೀಕ್ಷಾ ಕಳಿಸಿದ ವಿಡಿಯೋ ಅದು, ಅವರ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು. ಕೆಳಗೆ ಬರೆದಿತ್ತು: 'ಈ ಮೀನಿನವಳ ಬಗ್ಗೆ ಎಚ್ಚರ. ಇವತ್ತು ಗಿಡ, ನಾಳೆ ಮನೆ.'

ಬಾಗಿ ಮೊದಲು ನೋಡಿದ್ದು ತನ್ನ ಬೆನ್ನನ್ನು. 'ಹಿಂದಿಂದ ನಾನ್ ಇಷ್ಟ್ ದಪ್ಪ ಕಾಂತ್ನಾ?' ಎಂದಳು.

'ಅಮ್ಮ, ಅವ್ರ್ ನಿನ್ನ ಕಳ್ಳಿ ಅಂತ್ರ್!' ಎಂದಳು ಅಕ್ಷಿತಾ.

ಆಗ ಬಾಗಿಗೆ ತಲೆಗೆ ಹೋಯಿತು. ಕಳ್ಳಿಯೇ? ಮರೆತು ಬಿಟ್ಟುಹೋದ ಚಿಲ್ಲರೆಯನ್ನು ಮಾರನೆಯ ದಿನ ನೆನಪಿಟ್ಟು ಕೊಟ್ಟವಳು, ಬಾಗಿಲು ತೆರೆದಿಟ್ಟು ಸ್ನಾನಕ್ಕೆ ಹೋದವರ ಮನೆಯ ಜಗಲಿಯಲ್ಲಿ ನಾಯಿಯ ಹಾಗೆ ಕಾವಲು ಕೂತವಳು, ಅವಳು ಕಳ್ಳಿಯೇ? ಅಳು ಒತ್ತರಿಸಿ ಬಂತು. ಅಳಲಿಲ್ಲ, ಬೈದಳು. ಒಲೆ ಮುಂದೆ ಕೂತು ಅನ್ನ ಬೇಯುವ ತನಕ ಬೈದಳು.

ಮಾರನೆಯ ದಿನ ಬಸ್ರೂರಿನಲ್ಲಿ 'ಮೀನ್ ಬೇಕಾ ಮೀನ್' ಎಂದು ಕೂಗಿದರೆ ಕಿಟಕಿಗಳಿಂದ 'ಇವತ್ತ್ ಬ್ಯಾಡ' ಎಂಬ ಮಾತೇ ಬಂತು. ಶೆಟ್ಟರ ಮನೆಯಲ್ಲಿ ಗೇಟಿಗೆ ಚಿಲಕ. ಒಳಗಿನಿಂದ ಶರ್ಮಿಳಾ ಮುಖ ಬೇರೆ ಕಡೆ ಮಾಡಿ ಹೇಳಿದಳು: 'ಮೀನು ಬೇಕಾದಾಗ ಕರೀತೇವೆ. ಬುಟ್ಟಿ ಗೇಟಿನ ಹೊರಗೇ ಇಡಿ.'

ಈ ಮಾತು ಮುಳ್ಳಿನಂತೆ ನಾಟಿತು. ಆ ಅಂಗಳದಲ್ಲಿ ಬುಟ್ಟಿ ಇಳಿಸಿ ಕೂತು ಅವಳು ಎಷ್ಟು ಹರಟಿಲ್ಲ! ಅರ್ಧ ಬುಟ್ಟಿ ಮೀನು ಹಾಗೇ ಉಳಿಯಿತು. ಮನೆಗೆ ತಂದು ಉಪ್ಪು ಹಾಕಿ ಒಣಗಿಸಿದಳು.

ಅಣ್ಣ ಪಾಂಡು ಬಂದು ಬುದ್ಧಿ ಹೇಳಿದ. 'ದೊಡ್ಡೋರ್ ಸಾವಾಸ ನಮಗೆಂತಕ್ಕೆ? ಹೋಯಿ ತಪ್ಪಾಯ್ತ್ ಅಂತ ಹೇಳಿ ಆ ಗಿಡ ವಾಪಸ್ ಕೊಟ್ ಬಾ. ಇಲ್ದಿರೆ ಬೈಂದೂರ್ ಬದಿಗ್ ಮೀನ್ ಮಾರುಕ್ ಶುರು ಮಾಡ್.'

'ತಪ್ಪಾಯ್ತ್ ಅಂದ್ರೆ ಮುಗೀತ್ ಅಣ್ಣ, ಸಾಯುವರಿಗೂ ನಾನ್ ಕಳ್ಳಿಯೇ,' ಎಂದಳು ಬಾಗಿ. 'ಕದ್ದದ್ ಹೌದ್. ಕಳ್ಳಿ ಅಲ್ಲ. ಬೈಂದೂರಿಗೆ ಹೋಪುದೂ ಇಲ್ಲೆ.'

'ಇದೆಂತ ಲೆಕ್ಕವಾ?' ಎಂದು ಅಣ್ಣ ತಲೆ ಚಚ್ಚಿಕೊಂಡು ಹೋದ.

ಮೂರ್ನಾಲ್ಕು ವಾರ ಹೀಗೇ ಹೋಯಿತು. ಸರೋಜಮ್ಮ ಕೆರಾಡಿಯಿಂದ ಬಂದರೆಂದು ದೀಕ್ಷಾ ಹೇಳಿದಳು. ಬಾಗಿ ಕಾದಳು. ಸರೋಜಮ್ಮ ಒಂದು ಮಾತು ಹೇಳಿದರೆ ಸಾಕಿತ್ತು, ಕೇರಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು. ಸರೋಜಮ್ಮ ಉಸಿರೆತ್ತಲಿಲ್ಲ. ಬಾಗಿ ಗೇಟಿನ ಮುಂದೆ ಹಾದರೆ ಕಿಟಕಿಯ ಪರದೆ ಅಲುಗಾಡುತ್ತಿತ್ತು, ಅಷ್ಟೇ. ಸೊಸೆಯ ಮಾತಿಗಿಂತ ಬಾಗಿಗೆ ಹೆಚ್ಚು ನೋವಾದದ್ದು ಇದರಿಂದ.

ಒಂದು ಭಾನುವಾರ ಅವಳು ತಲೆಗೆ ಮಿಂದು, ಮದುವೆಮನೆಗೆ ಉಡುವ ಸೀರೆ ಉಟ್ಟು, ಜಡೆಗೆ ಅಬ್ಬಲಿಗೆಯ, ಅಂದರೆ ಕನಕಾಂಬರದ, ದಂಡೆ ಮುಡಿದು ಅಂಗಳಕ್ಕೆ ಬಂದಳು. 'ಅಕ್ಷೀ, ಫೋನ್ ತೆಗಿ. ನಾನ್ ಹೇಳುದೆಲ್ಲ ವಿಡಿಯೋ ಮಾಡ್ಕ್. ಆ ದೀಕ್ಷಾಗೆ ಹೇಳಿ ಅದೇ ಗುಂಪಿಗೆ ಹಾಕ್ಸ್.'

'ಅಮ್ಮ, ಮತ್ತೆ ರಗಳೆ ಬ್ಯಾಡ...'

'ತೆಗಿ ಅಂದೆ.'

ಅಕ್ಷಿತಾ ತೆಗೆದಳು. ಬಾಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಶುರು ಮಾಡಿದಳು.

'ನಮಸ್ಕಾರ. ನಾನ್ ಕೋಡಿ ಬಾಗಿ. ಮೊನ್ನೆ ನೀವೆಲ್ಲ ನನ್ನ ಬೆನ್ನ್ ಕಂಡ್ರಿ. ಇವತ್ತ್ ಮುಖ ಕಾಣಿ. ಒಂದ್ ಗಿಡ ಕದ್ದೆ ಅಂತ ಹೇಳಿರಲ, ಅದ್ ಸುಳ್ಳ್. ನಾನ್ ಕದ್ದದ್ ಒಂದಲ್ಲ. ಎಲ್ಲ ಕಾಣಿ.

'ಇದ್ ಅಬ್ಬಲಿಗೆ. ಟೀಚರಮ್ಮನ ಮನೆದ್. ಇದ್ಕೆ ಪರಿಮಳ ಇಲ್ಲೆ ಅಂತ ಮಲ್ಲಿಗೆ ಮುಡಿಯೋರ್ ಮೂಗ್ ಮುರಿತ್ರ್. ನಂಗೆ ಅದೇ ಇಷ್ಟ. ಮೀನ್ ಮಾರೋಳ್ ಮಲ್ಲಿಗೆ ಮುಡ್ದ್ರೆ ಅದೂ ಮೀನೂ ಜಗಳ ಆಡ್ತೊ. ಅಬ್ಬಲಿಗೆ ಯಾರ್ ಸುದ್ದಿಗೂ ಹೋತಿಲ್ಲೆ. ಬಸ್ಸಗೆ ನೂಕಾಟ ಆಯ್ಲಿ, ಬಿಸ್ಲ್ ಹೊಡಿಲಿ, ಸಂಜಿಗೆ ಮನಿಗ್ ಬಪ್ಪತಿಗೂ ಬೆಳಿಗ್ಗೆ ಮುಡ್ದಂಗೇ ಇರತ್ತ್.

'ಈ ಕೆಂಪ್ ದಾಸವಾಳ ವಕೀಲ್ರ ಮನೆದ್. ಹ್ವಾಯ್ ವಕೀಲ್ರೆ, ಕೇಸ್ ಹಾಕುದಾರೆ ಹಾಕಿ. ಇದ್ರ ಹೂಗ್ ಒಂದೇ ದಿನಕ್ಕೆ ಬಾಡತ್ತ್. ಮರ್ದಿನ ಬೆಳಿಗ್ಗೆ ಕಂಡ್ರೆ, ನಿನ್ನೆ ಎಂತದೂ ಆಯ್ಲೇ ಇಲ್ಲೆ ಅಂಬಂಗೆ ಮತ್ತೊಂದ್ ಅರಳ್ಕಂಡ್ ನಿಂತಿರತ್ತ್. ನಂಗೆ ಆ ಬುದ್ಧಿ ಇಲ್ಲೆ ಕಾಣಿ. ನಂಗೆ ಎಲ್ಲ ನೆನಪಿರತ್ತ್.'

ಅಕ್ಷಿತಾಳಿಗೆ ನಗು ತಡೆಯಲಾಗದೆ ಫೋನು ಅಲುಗಾಡಿತು. ಬಾಗಿ ಅವಳನ್ನು ಗದರಿಸಿ ಮುಂದಿನ ಪೆಟ್ಟಿಗೆಗೆ ಹೋದಳು. ಅದು ಹಳದಿ ಚುಕ್ಕಿಯ ಕ್ರೋಟನ್. 'ಇದ್ ಎಲ್ಲಿದ್ ಗೊತ್ತಿತ್ತಾ? ಬ್ಯಾಂಕಿದ್! ಬಾಗ್ಲಲ್ಲಿ ಕುಂಡದಗೆ ಇತ್ತ್. ಬ್ಯಾಂಕಿಂದ ಕದ್ದೋರ್ ಎಷ್ಟೋ ಜನ ಇದ್ರ್, ಎಲೆ ಕದ್ದದ್ ನಾನೊಬ್ಬಳೇ. ಇದ್ಕೆ ಹೂಗೇ ಬ್ಯಾಡ, ಎಲೆಯಗೇ ಎಲ್ಲ ಬಣ್ಣ ಇಟ್ಕಂಡಿತ್ತ್.' ಚಪ್ಪರಕ್ಕೆ ಹಬ್ಬಿದ ಬಸಳೆಯನ್ನು ತೋರಿಸಿ, ಇದು ಹೂವಲ್ಲ, ಆದರೂ ಚಟ್ಲಿ ಹಾಕಿ ಗಸಿ ಮಾಡಿದರೆ ಯಾವ ಹೂವೂ ಇದರ ಮುಂದೆ ನಿಲ್ಲುವುದಿಲ್ಲ ಎಂದಳು. ಚಟ್ಲಿಯೆಂದರೆ ಸಿಗಡಿ ಎಂದು ಪುಣೆಯವರಿಗಾಗಿ ಬಿಡಿಸಿಯೂ ಹೇಳಿದಳು.

ಬೇಲಿಯ ಸಂಜೆಮಲ್ಲಿಗೆಯ ಮುಂದೆ ನಿಂತಾಗ ಅವಳ ದನಿ ಸ್ವಲ್ಪ ಇಳಿಯಿತು. 'ಇದ್ ಬೀಜ, ರಥಬೀದಿ ಅಜ್ಜಿ ಮನೆದ್. ಅಜ್ಜಿ ಈಗ ಇಲ್ಲೆ. ಉಳ್ದ್ ಹೂಗೆಲ್ಲ ಬೆಳಿಗ್ಗೆ ಅರಳ್ತೊ. ಬೆಳಿಗ್ಗೆ ನಾನ್ ಮನಿಯಗೆ ಇದ್ರಲ್ದಾ ಕಾಂಬುದ್? ಇದೊಂದ್ ಮಾತ್ರ ನಾನ್ ಬುಟ್ಟಿ ಇಳ್ಸಿ, ಕಾಲ್ ತೊಳ್ದ್ ಬಪ್ಪತಿಗೆ ಅರಳತ್ತ್. ಇಡೀ ಊರಗೆ ನಂಗೋಸ್ಕರ ಕಾಯುದ್ ಇದೊಂದೇ.'

ಕೊನೆಗೆ ಬಾಗಿಲ ಬಳಿ, ಗಾಳಿಗೆ ಅಡ್ಡವಾಗಿ ಹಳೆ ಬಲೆ ಕಟ್ಟಿದ ಮೂಲೆಯಲ್ಲಿದ್ದ ಪೆಟ್ಟಿಗೆಯ ಮುಂದೆ ಕೂತಳು. ಕಡ್ಡಿಯಲ್ಲಿ ಎರಡು ಕೆಂಪು ಚಿಗುರು ಒಡೆದಿದ್ದವು.

'ಇದೇ ಆ ಪನ್ನೀರ್ ಗುಲಾಬಿ. ಅಂಗಡಿ ಗುಲಾಬಿ ವಾರ ಇರತ್ತ್, ಮೂಸಿದ್ರೆ ಎಂತದೂ ಇಲ್ಲೆ. ಇದ್ ಒಂದ್ ಅರಳಿದ್ರೆ ಇಡೀ ಅಂಗಳ ಪರಿಮಳ. ಮಧ್ಯಾಹ್ನ ಆಪತಿಗೆ ಉದ್ರಿ ಹೋತ್ತ್. ಅದ್ಕೇ ಇದನ್ನ ಯಾರಿಗೂ ಮಾರುಕ್ ಆತಿಲ್ಲೆ. ನಾನ್ ಹುಟ್ಟಿದಾರಭ್ಯ ಮಾರ್ತೇ ಇದ್ದೆ. ಮಾರುಕಾಗದ್ದ್ ಒಂದಾದ್ರೂ ನನ್ನ ಅಂಗಳದಗೆ ಇರ್ಲಿ ಅಂತ ತಂದೆ.' ಅವಳು ಎದ್ದು ನಿಂತಳು. 'ನಿಮ್ದ್ ನಿಮಗೆ ಬೇಕಾರೆ ಬನಿ, ಕೋಡಿಗೆ ಬಂದ್ ಕಿತ್ಕಂಡ್ ಹೋಯ್ನಿ. ನಾಳೆ ಬೂತಾಯಿ ತಕಂಡ್ ಬತ್ತೆ. ಬೇಕಾದೋರ್ ಬಾಗ್ಲ್ ತೆಗಿನಿ.'

ಆ ವಿಡಿಯೋ ಎಲ್ಲಿಂದೆಲ್ಲಿಗೋ ಹೋಯಿತು. ಬ್ರಹ್ಮಾವರದಲ್ಲಿರುವ ಯಾರದೋ ಅತ್ತಿಗೆಯೂ ನೋಡಿದಳಂತೆ. ಮಾರನೆಯ ದಿನ ಮೊದಲು ಬಾಗಿಲು ತೆಗೆದದ್ದು ವಕೀಲರ ಹೆಂಡತಿ. ಬೂತಾಯಿ ತೆಗೆದುಕೊಂಡು, ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದಳು: 'ಅಂಗಳಕ್ಕೆ ಇಂಟರ್‌ಲಾಕ್ ಕಲ್ಲ್ ಹಾಕ್ಸಿದ್ ಮೇಲೆ ನಮ್ಮ ದಾಸವಾಳ ಹೋಯ್ತ್ ಮರಾಯ್ತಿ. ನಿನ್ನ ಮನೆದ್ ಎಂತ ಚೆಂದ ಬಂದಿತ್ತ್!' ಅದಕ್ಕೆ ಬಾಗಿ, 'ಕೋಡಿ ಬದಿಗ್ ಬನಿ ಅಮ್ಮ, ನಮ್ಮನಿಯಗೂ ಹಾಲ್ ಉಕ್ಕತ್ತ್,' ಎಂದಳು. ಟೀಚರಮ್ಮನ ಬಾಗಿಲು ತೆರೆಯಿತು. ಒಂದೊಂದಾಗಿ ಉಳಿದವೂ ತೆರೆದವು.

ಶೆಟ್ಟರ ಗೇಟು ಮಾತ್ರ ತೆರೆಯಲಿಲ್ಲ. ಕೇರಿಯ ಮೊದಲ ಮನೆ ಅದು. ಅಲ್ಲಿ ಬುಟ್ಟಿ ಇಳಿಸದೆ ಮುಂದೆ ಹೋಗುವುದೆಂದರೆ, ಕಳ್ಳಿ ಎಂಬ ಮಾತು ಇನ್ನೂ ಆ ಗೇಟಿನ ಮೇಲೆ ಬರೆದಿದೆ ಎಂದೇ ಅರ್ಥ. ಬಾಗಿ ದಿನವೂ ಅಲ್ಲಿ ನಿಂತು ಉಳಿದೆಡೆಗಿಂತ ಎರಡು ಪಟ್ಟು ಜೋರಾಗಿ 'ಮೀನ್ ಬೇಕಾ ಮೀನ್' ಎಂದು ಕೂಗಿಯೇ ಮುಂದೆ ಹೋಗುತ್ತಿದ್ದಳು. ಪರದೆ ಅಲುಗಾಡುತ್ತಿತ್ತು.

ಚಳಿ ಕಳೆಯಿತು. ಮೀನು ತೊಳೆದ ನೀರು ಕುಡಿದು ಕೋಡಿಯ ಗುಲಾಬಿ ಸೊಂಟದ ಎತ್ತರ ಬೆಳೆಯಿತು, ಮೊಗ್ಗು ಬಿಟ್ಟಿತು. ಬೇಸಿಗೆಯ ಒಂದು ಭಾನುವಾರ, ಗಿಡದ ತುಂಬ ಹೂವಿದ್ದ ಬೆಳಿಗ್ಗೆ, ಬಾಗಿಯ ಮನೆಯ ಮುಂದೆ ಆಟೋ ನಿಂತಿತು. ಇಳಿದದ್ದು ಸರೋಜಮ್ಮ, ಅವರ ಹಿಂದೆ ಶರ್ಮಿಳಾ.

ಬಾಗಿ ಮೀನು ಕೊಯ್ಯುತ್ತಿದ್ದಳು. ಏಳಲಿಲ್ಲ. 'ಬನಿ' ಎಂದಳು, ಕತ್ತಿಯಿಂದ ಕಣ್ಣೆತ್ತದೆ.

'ಗುಲಾಬಿ ಸತ್ ಹೋಯ್ತ್ ಬಾಗಿ,' ಎಂದರು ಸರೋಜಮ್ಮ. ನಿಂತಲ್ಲೇ ಅವರ ಕಣ್ಣು ತುಂಬಿತ್ತು. ಕಾರು ನಿಲ್ಲಿಸಲೆಂದು ಅವರ ಅಂಗಳಕ್ಕೂ ಇಂಟರ್‌ಲಾಕ್ ಬಂದಿತ್ತು. ಶರ್ಮಿಳಾ ಜೋಪಾನವಾಗಿಯೇ ಗಿಡ ಕೀಳಿಸಿ, ದೊಡ್ಡ ಬಿಳಿಯ ಕುಂಡ ತಂದು ನೆಡಿಸಿದ್ದಳು. ಅದು ಹಿಡಿಯಲಿಲ್ಲ. 'ಅದ್ ನನ್ನಮ್ಮ ನೆಟ್ಟದ್ದ್. ನನ್ನ ಮದ್ವಿ ಆದ್ ವರ್ಷ ಕೊಲ್ಲೂರಿಗ್ ಹೋದಾಗ ಯಾವ್ದೋ ಲಾಡ್ಜಿನ ಅಂಗಳದಿಂದ ಕದ್ಕಂಡ್ ಬಂದದ್ದ್.'

'ಕದ್ದದ್ದಾ?' ಶರ್ಮಿಳಾ ಅತ್ತೆಯ ಮುಖ ನೋಡಿದಳು.

'ಮತ್ತೆ? ಕೊಂಡ್ಕಂಡ್ ಬತ್ರಾ?' ಎಂದು ಸೊಸೆಯನ್ನು ಗದರಿ, ಸರೋಜಮ್ಮ ಬಾಗಿಯ ಕಡೆ ತಿರುಗಿದರು. 'ನಾನ್ ಅವತ್ತೇ ಹೇಳ್ಕಿತ್ತ್. ಮನಿಯಗೆ ಗಲಾಟೆ ಆತ್ತ್ ಅಂತ ಹೆದ್ರಿ ಸುಮ್ನಾದೆ. ನಂದೇ ತಪ್ಪ್.'

ಶರ್ಮಿಳಾ ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. 'ನನಗೆ ಈ ಕ್ರಮ ಎಲ್ಲ ಗೊತ್ತಿರಲಿಲ್ಲ ಬಾಗಿಯಕ್ಕ. ಗುಂಪಿನಲ್ಲಿ ನಾನೇ ತಪ್ಪಾಯ್ತು ಅಂತ ಬರೀತೇನೆ. ಒಂದು ಕಡ್ಡಿ ಕೊಡಿ. ಬೇಕಾದರೆ ದುಡ್ಡು...'

'ಕೊಡುದಿಲ್ಲೆ,' ಎಂದಳು ಬಾಗಿ.

ಬಾಗಿ ಕತ್ತಿ ಕೆಳಗಿಟ್ಟು, ಕೈ ತೊಳೆದು, ಎದ್ದು ನಿಂತಳು. 'ತಪ್ಪಾಯ್ತ್ ಅಂತ ಬರಿಯುದೂ ಬ್ಯಾಡ. ಕದ್ದದ್ ನಾನೇ. ಅದನ್ನ ಯಾರ್ ಎದ್ರಿಗೂ ಹೇಳ್ತೆ.' ಶರ್ಮಿಳಾಳನ್ನು ಮೇಲಿಂದ ಕೆಳಗೆ ನೋಡಿದಳು. 'ನನ್ನ ಗುಲಾಬಿ ಹ್ಯಾಂಗಿತ್ತ್ ಅಂತ ಒಂದ್ ಮಾತ್ ಹೇಳ್ಲಿಲ್ಲೆ ನೀವ್.'

ಶರ್ಮಿಳಾ ತಬ್ಬಿಬ್ಬಾದಳು. ಸರೋಜಮ್ಮ ಮೊಣಕೈಯಿಂದ ತಿವಿದರು. 'ತುಂಬಾ... ತುಂಬಾ ಚೆನ್ನಾಗಿ ಹೂ ಬಿಟ್ಟಿದೆ,' ಎಂದಳು.

'ಅಕ್ಷೀ,' ಬಾಗಿ ಗಟ್ಟಿಯಾಗಿ ಕೂಗಿದಳು, 'ಒಲೆ ಮೇಲೆ ಹಾಲಿತ್ತ್, ಉಕ್ತಾ ಕಾಂತೆ!'

'ನಮ್ಮನಿಯಗೆ ಎಲ್ಲಿ ಹಾಲ್...' ಎನ್ನುತ್ತ ಬಾಗಿಲಿಗೆ ಬಂದ ಮಗಳನ್ನು ತೋಳು ಹಿಡಿದು ಒಳಗೆಳೆದು, ಬಾಗಿ ಅಡುಗೆ ಮನೆಯ ಗೋಡೆಗೆ ಒರಗಿ ನಿಂತಳು.

ಹೊರಗೆ ಪಿಸುಮಾತು. 'ಹ್ಞೂಂ, ಬೇಗ. ಗೇಣುದ್ದ ಸಾಕ್.'

'ನಾನಾ? ಅತ್ತೆ, ಯಾರಾದ್ರೂ ನೋಡಿದ್ರೆ?'

'ನೋಡ್ಲಿ. ಮುರಿ.'

ಅಕ್ಷಿತಾ ಕಿಟಕಿಗೆ ಫೋನು ಹಿಡಿದಾಗಿತ್ತು. ಕಣ್ಣು ಮಿನುಗುತ್ತಿತ್ತು. 'ಅಮ್ಮ, ತೆಗಿಲಾ? ಇವತ್ತ್ ಗಿಡ, ನಾಳೆ ಮನೆ ಅಂತ ನಾವೂ ಬರಿಯುವ!'

ಬಾಗಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಲ್ಲಿ ನೀರೇ ಬಂತು. ಆದರೂ ಕೈ ಚಾಚಿ ಫೋನನ್ನು ಕೆಳಗೆ ಮಾಡಿದಳು. 'ಬ್ಯಾಡ. ಹಾಲ್ ಕಾಂಬುಕ್ ಬಂದೋರ್ ಹೊರ್ಗೆ ಕಾಂಬುದಿಲ್ಲೆ.'

ಅಂಗಳದಲ್ಲಿ ಟಕ್ಕೆಂದು ಕಡ್ಡಿ ಮುರಿದ ಸದ್ದಾಯಿತು. ಹಿಂದೆಯೇ, ಮುಳ್ಳು ಚುಚ್ಚಿದವಳ 'ಆಯೀ!' ಎಂಬ ಕೂಗು. ಬಾಗಿ ಇನ್ನೂ ಸ್ವಲ್ಪ ಹೊತ್ತು ತಡೆದು ಹೊರಗೆ ಬಂದಳು. ಶರ್ಮಿಳಾ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದಳು. ಅವಳ ಚೀಲದ ಜಿಪ್ಪಿನ ಸಂದಿಯಿಂದ ಎರಡು ಗುಲಾಬಿ ಎಲೆ ಇಣುಕುತ್ತಿದ್ದವು. ಬಾಗಿ ಅದನ್ನು ನೋಡಲಿಲ್ಲ.

'ಥ್ಯಾಂ...' ಎಂದು ಶರ್ಮಿಳಾ ಬಾಯಿ ತೆರೆದಳು. ಸರೋಜಮ್ಮ ಅವಳ ಬಾಯಿಗೆ ಅಡ್ಡ ಕೈ ಹಿಡಿದರು.

'ಹಾಲ್ ಉಕ್ಲಿಲ್ಲೆ,' ಎಂದಳು ಬಾಗಿ. ಮತ್ತೆ ಮೀನಿನ ಮುಂದೆ ಕೂತು ಕತ್ತಿ ಎತ್ತಿಕೊಂಡಳು. 'ನಾಳೆ ಬಂಗುಡೆ ತಕಂಡ್ ಬತ್ತೆ ಸರೋಜಮ್ಮ. ಬುಟ್ಟಿ ಗೇಟಿನ ಒಳ್ಗೇ ಇಡ್ತೆ.'